ನರಸಮ್ಮನವರೂ ನಮ್ಮ ನರ್ಸಮ್ಮನೂ

2018ನೆಯ ಇಸವಿ ಡಿಸೆಂಬರ್ 26ರ ಬೆಳಗ್ಗೆ ಲಿಂಗಪೂಜೆ ಮುಗಿಸಿ ಆಗತಾನೇ ಎದ್ದಿದ್ದೆ. ದೂರವಾಣಿಯ ಗಂಟೆ ಬಾರಿಸಿತು. ಪಾವಗಡ ತಾಲ್ಲೂಕಿನ ಗಡಿಗ್ರಾಮವೊಂದರ ಹಿರಿಯ ರೈತರೊಬ್ಬರು ಆ ಕಡೆಯಿಂದ ಮಾತನಾಡಿದರು. ವರ್ಷಕ್ಕೊಮ್ಮೆ ಕಡಲೆಕಾಯಿಯ ಕಾಲಕ್ಕೆ ನೆನಪಿಸಿಕೊಂಡು ಮಾತನಾಡುವ ಪರಿಚಯ. ಅಂದು ಅವರ ದನಿ ಒಡೆದಿತ್ತು.

“ಸ್ವಾಮಿ, ನರ್ಸಮ್ಮ ಹೋಗ್ಬುಟ್ರಂತೆ. ಟೀವಿಯಾಗೆ ತೋರುಸ್ತಾ ಅವ್ರೆ. ಮಣ್ಣು ಎಲ್ಲಿ ಮಾಡ್ತೀರಿ? ನಾನು ಈಗಲೇ ಬಸ್ಸು ಹತ್ತುತೀನಿ” ಎಂದರು.

ನನಗೆ ಕ್ಷಣಕಾಲ ಮಾತು ಹೊರಡಲಿಲ್ಲ. ದೂರದರ್ಶನದಲ್ಲಿ ತೋರಿಸುತ್ತಿದ್ದುದು ಹಿಂದಿನ ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ಪದ್ಮಶ್ರೀ ಪುರಸ್ಕೃತೆ ಸೂಲಗಿತ್ತಿ ನರಸಮ್ಮನವರನ್ನು. ಈ ಹಿರಿಯರು ಕೇಳುತ್ತಿದ್ದುದು ನನ್ನ ತಾಯಿಯನ್ನು. ನಮ್ಮ ಕಡೆಯ ಹಳ್ಳಿಗಳಲ್ಲಿ ಸರ್ಕಾರಿ ದಾದಿಗೆ ಸ್ವಂತ ಹೆಸರು ಉಳಿಯುವುದಿಲ್ಲ. ಅವಳು ಯಾವ ಊರಿಗೆ ಹೋದರೂ ‘ನರ್ಸಮ್ಮ’. ಆಡುವವರ ಬಾಯಲ್ಲಿ ನರ್ಸಮ್ಮನಿಗೂ ನರಸಮ್ಮನಿಗೂ ಇರುವ ಅಂತರ ಅರ್ಧಾಕ್ಷರದ್ದು. ನನ್ನ ತಾಯಿ 2004ರಲ್ಲಿಯೇ ಲಿಂಗೈಕ್ಯಳಾದಳೆಂದು ತಿಳಿಸಿದೆ. ಆ ಕಡೆ ಬಹಳ ಹೊತ್ತು ಸದ್ದಿರಲಿಲ್ಲ. ಕೊನೆಗೆ, “ಹದಿನಾಲ್ಕು ವರ್ಷ ಆಯ್ತಾ? ನಮಗೆ ಯಾರೂ ಹೇಳಲೇ ಇಲ್ಲವಲ್ಲ ಸ್ವಾಮಿ” ಎಂದರು.

ಹೇಳಬೇಕಾಗಿದ್ದವನು ನಾನೇ. ಹೇಳಿರಲಿಲ್ಲ. ಪ್ರತಿವರ್ಷ ಅವರು ‘ಅಮ್ಮ ಹೇಗಿದ್ದಾರೆ’ ಎಂದು ಕೇಳದೆ ‘ಮನೆಯಾಗೆ ಎಲ್ಲಾ ಚೆಂದಾಗವ್ರಾ’ ಎಂದು ಕೇಳುತ್ತಿದ್ದರು. ನಾನು ‘ಎಲ್ಲಾ ಶಿವನ ದಯೆ’ ಎಂದುಬಿಡುತ್ತಿದ್ದೆ. ಈ ಲೇಖನವು ಆ ಸಾಲವನ್ನು ತೀರಿಸುವ ಪ್ರಯತ್ನವೆಂದು ವಾಚಕರು ಭಾವಿಸಬೇಕು.

ಮೊದಲು ಸೂಲಗಿತ್ತಿ ನರಸಮ್ಮನವರ ವಿಷಯವನ್ನು ಹೇಳುತ್ತೇನೆ. ಅವರ ಬದುಕು ಲೋಕಕ್ಕೆ ತಿಳಿದದ್ದು ಬಹಳ ತಡವಾಗಿ. 1920ರಲ್ಲಿ ಪಾವಗಡ ತಾಲ್ಲೂಕಿನಲ್ಲಿ ಜನನ. ಅಕ್ಷರ ಕಲಿತವರಲ್ಲ. ಹನ್ನೆರಡನೆಯ ವಯಸ್ಸಿಗೆ ವಿವಾಹವಾಗಿ ಕೃಷ್ಣಾಪುರದಲ್ಲಿ ನೆಲೆಸಿದರು. ಕೂಲಿನಾಲಿ ಮಾಡಿ ಸಂಸಾರ ನಡೆಸಿದರು. ಹನ್ನೆರಡು ಮಕ್ಕಳನ್ನು ಹೆತ್ತರು. ಅವರಲ್ಲಿ ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು. ಸೂಲಗಿತ್ತಿತನದ ವಿದ್ಯೆ ಅವರಿಗೆ ಅಜ್ಜಿಯಿಂದ ಬಂದದ್ದು. ಊರಿಗೆ ಬಂದುಹೋಗುತ್ತಿದ್ದ ಅಲೆಮಾರಿ ಜನರಿಂದ ಗಿಡಮೂಲಿಕೆಗಳ ಗುಣವನ್ನು ಕೇಳಿ ತಿಳಿದುಕೊಂಡರು. ಇಪ್ಪತ್ತನೆಯ ವಯಸ್ಸಿನಲ್ಲಿ, 1940ರಲ್ಲಿ, ತಮ್ಮ ಬಂಧುವೊಬ್ಬರ ಹೆರಿಗೆ ಮಾಡಿಸಿದ್ದು ಮೊದಲನೆಯದು. ಅಲ್ಲಿಂದ ಮುಂದೆ ಸುಮಾರು ಎಪ್ಪತ್ತು ವರ್ಷಗಳ ಕಾಲ, ಹದಿನೈದು ಸಾವಿರಕ್ಕೂ ಮಿಗಿಲಾದ ಹೆರಿಗೆಗಳನ್ನು, ಒಂದು ಕಾಸೂ ಪಡೆಯದೆ ಮಾಡಿಸಿದರೆಂಬುದು ದಾಖಲಾದ ಸಂಗತಿ. ತುಮಕೂರು ವಿಶ್ವವಿದ್ಯಾನಿಲಯವು 2014ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರ ಕೈಯಿಂದ ಪದ್ಮಶ್ರೀ ಸ್ವೀಕರಿಸಿದಾಗ ಅವರಿಗೆ ತೊಂಬತ್ತೆಂಟು ವರ್ಷ. ಅದೇ ವರ್ಷ ಡಿಸೆಂಬರ್ 25ರಂದು ಕಾಲವಾದರು.

ಅದಾದ ಇಪ್ಪತ್ತೇಳು ದಿನಗಳಿಗೆ, 2019ರ ಜನವರಿ 21ರಂದು, ನಮ್ಮ ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದರು. ಒಬ್ಬರು ಸಾವಿರಾರು ಮಕ್ಕಳನ್ನು ಈ ನೆಲಕ್ಕೆ ಬರಮಾಡಿಕೊಂಡವರು; ಇನ್ನೊಬ್ಬರು ಬಂದ ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಇಟ್ಟವರು. ಒಂದೇ ಜಿಲ್ಲೆ, ಒಂದೇ ಮಾಗಿಯ ಚಳಿ. ಆ ಒಂದು ತಿಂಗಳು ನಾನು ಬರೆಯಲೆಂದು ಕುಳಿತಾಗಲೆಲ್ಲ ಕಣ್ಣೆದುರಿಗೆ ಬಂದವಳು ಮಾತ್ರ ನನ್ನ ತಾಯಿ.

ನನ್ನ ತಂದೆಯವರು 1961ರಲ್ಲಿ ತೀರಿಕೊಂಡಾಗ ಅವ್ವನಿಗೆ ಇಪ್ಪತ್ತನಾಲ್ಕು ವರ್ಷ, ನನಗೆ ಎರಡು. ಕೊರಟಗೆರೆ ತಾಲ್ಲೂಕಿನ ಒಂದು ಸಣ್ಣ ಊರು ನಮ್ಮದು. ಜಯಮಂಗಲಿ ನದಿಯ ಆಸುಪಾಸು. ಇದ್ದ ಹೊಲ ಮೂರು ಪಾಲಾಗಿ ನಮ್ಮ ಪಾಲಿಗೆ ಬಂದದ್ದು ಹೊಟ್ಟೆಗೆ ಸಾಲದಷ್ಟು. ಅವ್ವ ಲೋವರ್ ಸೆಕೆಂಡರಿ ಓದಿದ್ದಳು. ಆ ಕಾಲದಲ್ಲಿ ದಾದಿಯರ ತರಬೇತಿಗೆ ಹೆಣ್ಣುಮಕ್ಕಳು ಸಿಕ್ಕುವುದೇ ದುರ್ಲಭವಾಗಿತ್ತು. ಅವಳು ಅರ್ಜಿ ಹಾಕಿ, ನನ್ನನ್ನು ತನ್ನ ತಾಯಿಯ ಮಡಿಲಲ್ಲಿ ಬಿಟ್ಟು, ಎರಡು ವರ್ಷದ ತರಬೇತಿಗೆ ಹೊರಟಳು. 1964ರಲ್ಲಿ ಕೆಲಸಕ್ಕೆ ಸೇರಿ 1995ರಲ್ಲಿ ನಿವೃತ್ತಳಾದಳು. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ, ಮತ್ತೆ ಕೊರಟಗೆರೆ – ಮೂವತ್ತೊಂದು ವರ್ಷ ಈ ನಾಲ್ಕು ತಾಲ್ಲೂಕುಗಳ ಆಚೆಗೆ ಅವಳು ಸೇವೆ ಮಾಡಲಿಲ್ಲ.

ವಿಧವೆಯಾದ ಲಿಂಗಾಯತರ ಹೆಣ್ಣುಮಗಳು ಊರೂರು ತಿರುಗಿ ಹೆರಿಗೆ ಮಾಡಿಸುವುದೆಂದರೆ ಬಂಧುಗಳಿಗೆ ಸಹಿಸಲಾಗದ ಸಂಗತಿಯಾಗಿತ್ತು. ಸಂಬಳ ತರುವ ಕೈಯೆಂದು ಬಾಯಿ ಬಿಟ್ಟು ಬೈಯುತ್ತಿರಲಿಲ್ಲ. ಮದುವೆ ಮುಂಜಿಗಳಲ್ಲಿ ಅಡುಗೆಮನೆಯ ಹೊಸ್ತಿಲ ಈಚೆ ಅವಳಿಗೊಂದು ಮಣೆ ಹಾಕಿಸುತ್ತಿದ್ದರು. “ಅವಳು ಯಾರ್ಯಾರ ಮನೆಗೋ ಹೋಗಿ ಬಂದಿರ್ತಾಳೆ” ಎಂಬ ಮಾತು ಮೆಲ್ಲನೆ ಓಡಾಡುತ್ತಿತ್ತು. ಹಟ್ಟಿ, ಕೇರಿ, ತುರುಕರ ಬೀದಿ ಎಂದು ನೋಡದೆ ಕರೆದಲ್ಲಿಗೆ ಹೋಗುತ್ತಿದ್ದಳೆಂಬುದು ಅದರ ಅರ್ಥ. ಅವ್ವ ಆ ಮಣೆಯ ಮೇಲೆಯೇ ಕುಳಿತು ಉಂಡು, ತಟ್ಟೆ ತೊಳೆದಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದುಬರುತ್ತಿದ್ದಳು.

ನಾನು ಅವಳೊಡನೆ ಇರಲು ಬಂದದ್ದು ಮಧುಗಿರಿಗೆ ವರ್ಗವಾದ ಮೇಲೆ. ಹಿಂದಿನವರು ಮದ್ದಗಿರಿ ಎನ್ನುತ್ತಿದ್ದ ಆ ಊರಿನಲ್ಲಿ ಎಲ್ಲಿ ನಿಂತರೂ ಏಕಶಿಲೆಯ ಬೆಟ್ಟ ತಲೆಯ ಮೇಲೆಯೇ ನಿಂತಂತೆ ಕಾಣುತ್ತದೆ. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ರಾತ್ರಿ ಬಾಗಿಲು ಬಡಿಯುವ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. “ನರ್ಸಮ್ಮಾ, ನರ್ಸಮ್ಮಾ” ಎಂಬ ಗಂಡಸಿನ ಗಾಬರಿಯ ದನಿ. ಹೊರಗೆ ಎತ್ತಿನ ಗಾಡಿಯ ಗಂಟೆ ಅಥವಾ ಸೈಕಲ್ಲಿನ ಡೈನಮೋ ದೀಪ. ಅವ್ವ ಸ್ಟವ್ ಹಚ್ಚಿ ಅಲ್ಯುಮಿನಿಯಂ ಪಾತ್ರೆಯಲ್ಲಿ ಕತ್ತರಿಯನ್ನೂ ಇಕ್ಕಳವನ್ನೂ ಕುದಿಸುವಳು. ಆ ಕುದಿಯುವ ಲೋಹದ ಕಟಕಟ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಚೀಲವನ್ನು ಹೆಗಲಿಗೇರಿಸಿ, ನನ್ನ ಹಣೆಗೆ ವಿಭೂತಿ ಹಚ್ಚಿ, “ಮಲಕ್ಕೋ ಕಂದ, ಬೆಳಗಾಗೋದ್ರೊಳಗೆ ಬತ್ತೀನಿ” ಎಂದು ಹೊರಗಿನಿಂದ ಅಗುಳಿ ಹಾಕಿಕೊಂಡು ಹೋಗುವಳು. ಬೆಳಗಾಗುವುದರೊಳಗೆ ಎಂದೂ ಬರುತ್ತಿರಲಿಲ್ಲ. ಲಾಟೀನಿನ ಬತ್ತಿ ಸಣ್ಣದಾಗುತ್ತಿತ್ತು. ನಾನು ಗೋಡೆಯ ಕಡೆ ಮುಖ ಮಾಡಿ, ಬೇರೆಯವರ ಮಕ್ಕಳು ಹುಟ್ಟದೇ ಇರಲಿ ಎಂದು ಬೇಡಿಕೊಂಡ ರಾತ್ರಿಗಳುಂಟು. ಅರವತ್ತು ದಾಟಿದವನು ಇದನ್ನು ಬರೆಯಲು ನಾಚಿಕೆಪಡಬೇಕಾಗಿಲ್ಲ ಎಂದುಕೊಂಡಿದ್ದೇನೆ.

1969ರಲ್ಲಿ, ನನಗೆ ಹತ್ತು ತುಂಬಿದಾಗ, ಅವ್ವ ನನ್ನನ್ನು ಸಿದ್ಧಗಂಗೆಗೆ ಕರೆದುತಂದು ಬಿಟ್ಟಳು. ಅಲ್ಲಿ ಸಾವಿರಾರು ಮಕ್ಕಳ ನಡುವೆ ರಾತ್ರಿಯ ಭಯ ಮೂರೇ ದಿನದಲ್ಲಿ ಹೋಯಿತು. ಪ್ರಾತಃಕಾಲದ ಪ್ರಾರ್ಥನೆ, ಮುದ್ದೆಯ ದಾಸೋಹ, ಸಂಸ್ಕೃತ ಪಾಠಶಾಲೆಯ ಬೆಂಚು – ನನ್ನನ್ನು ಮನುಷ್ಯನನ್ನಾಗಿ ಮಾಡಿದ್ದು ಆ ಬೆಟ್ಟದ ತಪ್ಪಲು. ಆದರೆ ‘ಅವ್ವ ನನ್ನನ್ನು ಬಿಟ್ಟು ಊರ ಮಕ್ಕಳನ್ನು ಆರಿಸಿಕೊಂಡಳು’ ಎಂಬ ಮುಳ್ಳು ಮಾತ್ರ ಒಳಗೇ ಮುರಿದುಕೊಂಡಿತ್ತು.

ಈಗ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. 1971ರ ದಸರಾ ರಜೆ. ನನಗೆ ಹನ್ನೆರಡು ವರ್ಷ. ಶಬ್ದರೂಪಗಳನ್ನು ಬಾಯಿಪಾಠ ಮಾಡಿ, ಸ್ವಲ್ಪ ವಿದ್ಯೆ ಬಂದಿದೆಯೆಂಬ ಹಮ್ಮು ತಲೆಗೇರಿದ್ದ ಕಾಲ. ಮಧುಗಿರಿಗೆ ಬರುವ ಮೊದಲು ಊರಿನಲ್ಲಿ ಬಂಧುಗಳ ಮನೆಯಲ್ಲಿ ನಾಲ್ಕು ದಿನವಿದ್ದೆ. ಹೊಸ್ತಿಲಾಚೆಯ ಮಣೆಯ ಮಾತು ಆಗ ನನಗೆ ಅರ್ಥವಾಗುವ ವಯಸ್ಸು. ಕೇಳಿದ್ದನ್ನೆಲ್ಲ ಕಟ್ಟಿಕೊಂಡು ಬಂದೆ. ಅವ್ವ ಆ ರಾತ್ರಿ ಒಂದು ಹೆರಿಗೆಗೆ ಹೋಗಿದ್ದವಳು ಸರಿಹೊತ್ತಿನಲ್ಲಿ ಹಿಂದಿರುಗಿದಳು. ಸೀರೆಯ ಸೆರಗಿನಲ್ಲಿ ಕಲೆಯಿತ್ತು. ನಾನು ಬಂದಿರುವುದನ್ನು ಕಂಡು ಎರಡೂ ಕೈ ಚಾಚಿ ಬಂದಳು. ನಾನು ಹಿಂದೆ ಸರಿದು ಹೇಳಿದೆ: “ಮೊದಲು ಸ್ನಾನ ಮಾಡು. ಸೂತಕದ ಕೈಯಲ್ಲಿ ನನ್ನನ್ನೂ ನನ್ನ ಪುಸ್ತಕವನ್ನೂ ಮುಟ್ಟಬೇಡ.”

ಅವ್ವ ಚಾಚಿದ ಕೈಗಳನ್ನು ಹಾಗೆಯೇ ಇಳಿಸಿದಳು. ಒಂದು ಮಾತನ್ನೂ ಆಡಲಿಲ್ಲ. ಹಿತ್ತಲಿಗೆ ಹೋಗಿ ತೊಟ್ಟಿಯ ನೀರನ್ನು ತಲೆಯ ಮೇಲೆ ಸುರಿದುಕೊಳ್ಳುವ ಸದ್ದು ಕೇಳಿಸಿತು. ಬಂದು ಒದ್ದೆ ತಲೆಯಲ್ಲಿಯೇ ನನಗೆ ರೊಟ್ಟಿ ತಟ್ಟಿಕೊಟ್ಟಳು. ನಾನು ತಿಂದೆ.

ಲಿಂಗಧಾರಿಗೆ ಜನನ, ಮರಣ, ಜಾತಿ, ಎಂಜಲು, ರಜಸ್ಸು ಎಂಬ ಐದು ಸೂತಕಗಳೂ ಇಲ್ಲವೆಂಬುದು ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಕಟ್ಟಿಕೊಟ್ಟ ತತ್ತ್ವ. ಮುಂದೆ ನಾನು ಸಂಸ್ಕೃತ ಪಂಡಿತನಾಗಿ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತ, ಸಭೆಗಳಲ್ಲಿ ವಚನಸಾಹಿತ್ಯವನ್ನು ಕುರಿತು ಉಪನ್ಯಾಸ ಮಾಡುತ್ತ, ಇದೇ ಪಂಚಸೂತಕ ನಿರಾಕರಣೆಯನ್ನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. 1988ರ ಬಸವ ಜಯಂತಿಯಂದು ಕೊರಟಗೆರೆಯಲ್ಲಿ ಮಾತನಾಡಿದಾಗ ಅವ್ವ ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ಜನ ಚಪ್ಪಾಳೆ ತಟ್ಟಿದರು. ಮನೆಗೆ ನಡೆದುಬರುವಾಗ ಅವಳು ನಗುತ್ತಲೇ, “ಚೆನ್ನಾಗಿ ಹೇಳ್ದೆ ಕಣಪ್ಪ. ಆವತ್ತು ಮಧುಗಿರೀಲಿ ನೀರು ಬಲೇ ತಣ್ಣಗಿತ್ತು” ಎಂದಳು. ಹದಿನೇಳು ವರ್ಷಗಳ ನಂತರ! ಅದರಲ್ಲಿ ಕಹಿಯಿರಲಿಲ್ಲ, ಹಳೆಯ ತಮಾಷೆಯೊಂದನ್ನು ನೆನಪಿಸಿದಂತೆ ಹೇಳಿದಳು. ಅಲ್ಲಿಯೇ ರಸ್ತೆಯಲ್ಲಿ ಅವಳ ಪಾದ ಹಿಡಿಯಬೇಕಾಗಿತ್ತು. ಪಂಡಿತನಿಗೆ ಬಾಗುವುದು ಕಷ್ಟ. “ಹೌದೇನವ್ವ” ಎಂದು ಸುಮ್ಮನಾದೆ.

ಸಿರಾದಲ್ಲಿ ಅವಳಿದ್ದದ್ದು 1973ರಿಂದ ಐದು ವರ್ಷ. ಮೊಗಲರ ಸುಬೇದಾರರು ಆಳಿದ ಊರು. ಕೋಟೆ, ಜುಮ್ಮಾ ಮಸೀದಿ, ಮಲಿಕ್ ರಿಹಾನನ ದರ್ಗಾ ಎಲ್ಲವನ್ನೂ ರಜೆಯಲ್ಲಿ ನಾನು ಸುತ್ತಿದೆ. ಅವ್ವನಿಗೆ ಅವು ಯಾವುವೂ ಕಾಣಲಿಲ್ಲ. ಆ ಅವಧಿಯಲ್ಲಿಯೇ ತುರ್ತುಪರಿಸ್ಥಿತಿ ಬಂತು. ಆರೋಗ್ಯ ಸಿಬ್ಬಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯ ‘ಗುರಿ’ ನಿಗದಿಯಾಯಿತು. ಇಷ್ಟು ವರ್ಷ ಬಾಗಿಲು ತೆರೆದು ಕಾಯುತ್ತಿದ್ದ ಹಳ್ಳಿಗಳು ಬಿಳಿಸೀರೆ ಕಂಡೊಡನೆ ಬಾಗಿಲು ಹಾಕಿಕೊಂಡವು. ಅವ್ವನ ಮನಸ್ಸು ಕುಗ್ಗಿದ್ದನ್ನು ನಾನು ಕಂಡದ್ದು ಆಗ ಮಾತ್ರ. “ನನ್ನ ಕಂಡು ಬಸುರಿ ಹೆಂಗಸು ಬಣವೆ ಹಿಂದೆ ಅಡಗಿದಳು ಕಣೋ” ಎಂದು ಕಣ್ಣೀರು ಹಾಕಿದಳು. ಆ ಹೆದರಿಕೆ ಹೋಗಲು ವರ್ಷಗಳೇ ಹಿಡಿದವು. ಸಿರಾ ಸೀಮೆ ಕುರಿ, ಕಂಬಳಿಗಳಿಗೆ ಪ್ರಸಿದ್ಧ. ಅಲ್ಲಿಂದ ಹೊರಡುವಾಗ ಕುರುಬರ ಮನೆಯೊಂದರವರು ತಾವೇ ನೆಯ್ದ ಕರಿಯ ಕಂಬಳಿಯನ್ನು ಗಾಡಿಯ ಮೇಲೆ ಎಸೆದು ಓಡಿಹೋದರಂತೆ, ಹಿಂದಿರುಗಿಸಬಾರದೆಂದು. ಸೇವಾವಧಿಯಲ್ಲಿ ಸಂಬಳದ ಹೊರಗೆ ಅವಳ ಮನೆಗೆ ಬಂದ ವಸ್ತು ಅದೊಂದೇ. ಉಳಿದುದನ್ನೆಲ್ಲ, ಬೆಲ್ಲವಾಗಲಿ ಬೇಳೆಯಾಗಲಿ, “ಬಾಣಂತಿಗೆ ಇಡ್ರಪ್ಪ” ಎಂದು ಬಿಟ್ಟುಬರುತ್ತಿದ್ದಳು. ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದುಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅವಳಿಗೆ ಹೇಳಿಕೊಟ್ಟವನು ನಾನು. ಅದಾಗಲೇ ಅವಳ ಸೇವೆ ಇಪ್ಪತ್ತು ವರ್ಷ ಕಳೆದಿತ್ತು.

ಪಾವಗಡಕ್ಕೆ ವರ್ಗವಾದದ್ದು 1978ರಲ್ಲಿ. ಶಿಕ್ಷೆಗೆ ಕಳುಹಿಸುವ ಊರು ಎಂದು ಸರ್ಕಾರಿ ನೌಕರರು ಹೆದರುತ್ತಿದ್ದ ತಾಲ್ಲೂಕು ಅದು. ಮೂರು ಕಡೆ ಆಂಧ್ರದ ನೆಲ. ಜನರ ಮನೆಮಾತು ಬಹುಮಟ್ಟಿಗೆ ತೆಲುಗು. ಮಳೆ ಕಡಿಮೆ, ನೀರಿನಲ್ಲಿ ಫ್ಲೋರೈಡ್. ಹಲ್ಲು ಕಂದಿದ ಮಕ್ಕಳೂ ಮಂಡಿ ಸೊಟ್ಟಗಾದ ಹಿರಿಯರೂ ಪ್ರತಿ ಊರಿನಲ್ಲಿದ್ದರು. ಅವ್ವ ಅಲ್ಲಿ ಎಂಟು ವರ್ಷವಿದ್ದು ತೆಲುಗು ಕಲಿತಳು.

ಅಲ್ಲಿಯವರೆಗೂ ಅವಳಿಗೆ ಸೂಲಗಿತ್ತಿಯರೆಂದರೆ ಒಳ್ಳೆಯ ಅಭಿಪ್ರಾಯವಿರಲಿಲ್ಲ ಎಂಬುದನ್ನು ಮರೆಮಾಚಲಾರೆ. ಅದಕ್ಕೆ ಕಾರಣವೂ ಇತ್ತು. ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದು ಬೂದಿಯನ್ನೋ ಸಗಣಿಯನ್ನೋ ಹಚ್ಚುವ ಪದ್ಧತಿ ಎಷ್ಟೋ ಊರುಗಳಲ್ಲಿತ್ತು. ಹುಟ್ಟಿದಾಗ ಚೆನ್ನಾಗಿದ್ದ ಕೂಸು ಏಳೆಂಟನೆಯ ದಿನಕ್ಕೆ ಮೊಲೆ ಹಿಡಿಯದೆ, ದವಡೆ ಕಚ್ಚಿ, ಬಿಲ್ಲಿನಂತೆ ಸೆಟೆದು ತೀರಿಹೋಗುತ್ತಿತ್ತು. ಗ್ರಹಚಾರ, ಬಾಲಗ್ರಹ ಎನ್ನುತ್ತಿದ್ದರು. ಅದು ಧನುರ್ವಾಯು, ಕೊಯ್ದ ಜಾಗದಿಂದ ಒಳಗೆ ಹೋದ ನಂಜು. ಅವ್ವ ಇದನ್ನು ಕಂಡು ಕಂಡು ಸೂಲಗಿತ್ತಿಯರ ಮೇಲೆ ಸಿಡಿಮಿಡಿಗೊಳ್ಳುತ್ತಿದ್ದಳು.

1979ರ ಮುಂಗಾರಿನಲ್ಲಿ ಗಡಿಯ ಒಂದು ಊರಿಗೆ ಕರೆ ಬಂತು. ಹಳ್ಳ ತುಂಬಿ ಹರಿಯುತ್ತಿತ್ತು, ತಾಲ್ಲೂಕು ಆಸ್ಪತ್ರೆಗೆ ಒಯ್ಯುವ ಮಾತೇ ಇರಲಿಲ್ಲ. ಮಗು ಅಡಿಮೇಲಾಗಿತ್ತು, ಕಾಲು ಮೊದಲು ಬಂದಿತ್ತು. ಊರಿನ ಮುದುಕಿಯೊಬ್ಬಳು ಬಸುರಿಯ ಬಳಿ ಕುಳಿತಿದ್ದಳು. ಅವ್ವ ಗಾಬರಿಯಲ್ಲಿ ಮಗುವಿನ ಕಾಲಿಗೆ ಕೈ ಹಾಕಿದಳು. ಮುದುಕಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, “ಲಾಗೊದ್ದು ತಲ್ಲೀ” ಎಂದಳಂತೆ. ಎಳೆಯಬೇಡ ತಾಯಿ ಎಂದು ಅರ್ಥ. ಕೈ ಬಿಡಲಿಲ್ಲ. ಎಳೆದರೆ ಕೈಗಳು ಮೇಲೆ ಹೋಗಿ ತಲೆ ಸಿಕ್ಕಿಕೊಳ್ಳುತ್ತದೆ. ಮಗುವಿನ ಭಾರಕ್ಕೆ ಅದನ್ನೇ ಬಿಟ್ಟರೆ ತಾನಾಗಿ ಇಳಿಯುತ್ತದೆ. ತರಬೇತಿಯ ಪುಸ್ತಕದಲ್ಲಿಯೂ ಅದೇ ಇತ್ತು. ಆ ಹೊತ್ತಿನಲ್ಲಿ ಅವ್ವನಿಗೆ ಮರೆತಿತ್ತು, ಪುಸ್ತಕ ಓದದ ಮುದುಕಿಗೆ ನೆನಪಿತ್ತು. ಭುಜದವರೆಗೆ ಬಂದಮೇಲೆ ಇಬ್ಬರೂ ಸೇರಿ ತಲೆಯನ್ನು ಬಿಡಿಸಿದರು. ಗಂಡು ಕೂಸು. ಅಳಲು ಸ್ವಲ್ಪ ಹೊತ್ತು ಹಿಡಿಯಿತು, ಅತ್ತಿತು. ಬಳ್ಳಿ ಕೊಯ್ಯುವ ಹೊತ್ತಿಗೆ ಮುದುಕಿ ಸೊಂಟದಿಂದ ಸಣ್ಣ ಕುಡುಗೋಲು ತೆಗೆದಳು. ಈಗ ಅವ್ವ ಅವಳ ಕೈ ಹಿಡಿದಳು.

ಬೆಳಗಿನವರೆಗೂ ಇಬ್ಬರೂ ಕಟ್ಟೆಯ ಮೇಲೆ ಕುಳಿತು ಮಾತನಾಡಿದರಂತೆ. ಮುದುಕಿ ತಾನು ಹೆರಿಗೆ ಮಾಡಿಸಿದ ಮನೆಗಳಲ್ಲಿ ಏಳನೆಯ ದಿನಕ್ಕೆ ಹೋದ ಕೂಸುಗಳನ್ನು ಒಂದೊಂದಾಗಿ ಎಣಿಸಿದಳಂತೆ. “ಅವಳನ್ನು ಬೈಯೋಕೆ ನನಗೆ ಬಾಯಿ ಬರಲಿಲ್ಲ. ಒಂದು ಬ್ಲೇಡು ನೀರಲ್ಲಿ ಕುದಿಸೋದನ್ನ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೇ” ಎಂದು ಅವ್ವ ನನಗೆ ಹೇಳಿದಳು.

ಆ ಮುದುಕಿ ಸೂಲಗಿತ್ತಿ ನರಸಮ್ಮನವರೇ ಎಂದು ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ಅಲ್ಲ. ಆಕೆ ಅವರಿಗಿಂತ ಬಹಳ ಹಿರಿಯಳು, ಬೇರೆ ಊರಿನವಳು. ಅಂಥವರು ಆ ತಾಲ್ಲೂಕಿನ ಪ್ರತಿ ಊರಿನಲ್ಲಿಯೂ ಒಬ್ಬಿಬ್ಬರಿದ್ದರು. ಒಬ್ಬರಿಗೆ ಪದ್ಮಶ್ರೀ ಬಂತು, ಸಂತೋಷ. ಉಳಿದವರ ಹೆಸರು ಅವರ ಮೊಮ್ಮಕ್ಕಳಿಗೂ ಸರಿಯಾಗಿ ನೆನಪಿಲ್ಲ.

1977ರ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ ಊರಿನ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟು, ಬ್ಲೇಡು, ದಾರ, ಸೋಪುಗಳಿದ್ದ ಪೆಟ್ಟಿಗೆ ಹಂಚುವ ಏರ್ಪಾಡಿತ್ತು. ಅನೇಕ ಕಡೆ ಅದು ಹೆಬ್ಬೆಟ್ಟು ಒತ್ತಿಸಿಕೊಂಡು ಮುಗಿಸುವ ಕಾರ್ಯಕ್ರಮವಾಗಿತ್ತು. ಆ ರಾತ್ರಿಯ ನಂತರ ಅವ್ವನಿಗೆ ಅದೇ ವ್ರತವಾಯಿತು. ಸೂಲಗಿತ್ತಿಯರನ್ನು ಕರೆಸಿ ಪಾಠ ಹೇಳುವ ಬದಲು ತಾನೇ ಅವರ ಮನೆಗೆ ಹೋಗಿ ಕುಳಿತುಕೊಳ್ಳುತ್ತಿದ್ದಳು. ಮೊದಲು ಅವರಿಂದ ಕೇಳುವುದು, ಆಮೇಲೆ ಹೇಳುವುದು. ಉಗುರು ತೆಗೆಯುವುದು, ಮೊಣಕೈವರೆಗೆ ಸೋಪು ಹಾಕಿ ತೊಳೆಯುವುದು, ಬ್ಲೇಡು ದಾರ ಕುದಿಸುವುದು, ಹೊಕ್ಕುಳಿಗೆ ಏನನ್ನೂ ಹಚ್ಚದಿರುವುದು. ಬಸುರಿಯರಿಗೆ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಳ್ಳಲು ಆ ಮುದುಕಿಯರಿಂದಲೇ ಹೇಳಿಸುತ್ತಿದ್ದಳು. ನರ್ಸಮ್ಮ ಹೇಳಿದರೆ ಹೆದರುವವರು ಅಜ್ಜಿ ಹೇಳಿದರೆ ತೋಳು ಚಾಚುತ್ತಿದ್ದರು. 1986ರಲ್ಲಿ ಪಾವಗಡ ಬಿಡುವ ಹೊತ್ತಿಗೆ ತನ್ನ ಊರುಗಳಲ್ಲಿ ಏಳನೆಯ ದಿನದ ಸಾವು ಮೂರು ವರ್ಷದಿಂದ ಆಗಿಲ್ಲವೆಂದು ಹೇಳಿದಳು. ಅವಳು ತನ್ನ ವಿಷಯದಲ್ಲಿ ಹೆಮ್ಮೆಯಿಂದ ಆಡಿದ ಮಾತು ನಾನು ಕೇಳಿದ್ದು ಅದೊಂದನ್ನೇ.

ಕಾಲ ಬದಲಾಯಿತು. 2005ರಲ್ಲಿ ಜನನಿ ಸುರಕ್ಷಾ, 2007ರಲ್ಲಿ ಮಡಿಲು ಕಿಟ್, 2008ರಲ್ಲಿ 108ರ ವಾಹನ, ಊರೂರಿಗೆ ಆಶಾ ಕಾರ್ಯಕರ್ತೆಯರು. 2005–06ರಲ್ಲಿ ನಮ್ಮ ರಾಜ್ಯದಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ 97. ಸೂಲಗಿತ್ತಿಯ ಕಾಯಕ ಮುಗಿಯಿತೆಂದು ಮರುಗುವವರಿದ್ದಾರೆ. ನಾನು ಮರುಗಲಾರೆ. 2001–03ರಲ್ಲಿ ಕರ್ನಾಟಕದಲ್ಲಿ ಲಕ್ಷ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು, 2018–20ರಲ್ಲಿ 69. ಈ ಅಂಕಿ ಇಳಿಯುವುದನ್ನು ಕಾಣಲು ಅವ್ವ ಇರಬೇಕಾಗಿತ್ತು ಎನ್ನಿಸುತ್ತದೆ. ಏಕೆಂಬುದನ್ನು ಹೇಳುತ್ತೇನೆ.

ಬಾಲ್ಯದಲ್ಲಿ ಅವ್ವ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವಾಗ ಕೊನೆಯಲ್ಲಿ ತುಟಿಯೊಳಗೆ ಏನನ್ನೋ ಹೇಳಿಕೊಳ್ಳುತ್ತಿದ್ದಳು. ಮಂತ್ರವೆಂದು ತಿಳಿದಿದ್ದೆ. ದೊಡ್ಡವನಾಗಿ ಬಂದಮೇಲೆ, ಯಾವ ಮಂತ್ರ ಅದು ಎಂದು ಪಂಡಿತನ ಗತ್ತಿನಿಂದ ಕೇಳಿದ್ದೆ. “ನಿನ್ನ ಪುಸ್ತಕದಾಗಿಲ್ಲ ಬಿಡು” ಎಂದಿದ್ದಳು. ಅವಳು ಲಿಂಗೈಕ್ಯಳಾದ ಮೇಲೆ ಟ್ರಂಕಿನಲ್ಲಿ ಆ ಸಿರಾದ ಕಂಬಳಿಯ ಮಡಿಕೆಯೊಳಗೆ ಒಂದು ಸಣ್ಣ ನೋಟುಪುಸ್ತಕ ಸಿಕ್ಕಿತು. ಸರ್ಕಾರಿ ರಿಜಿಸ್ಟರನ್ನು ನಿವೃತ್ತಿಯ ದಿನವೇ ಒಪ್ಪಿಸಿದ್ದಳು, ಇದು ಸ್ವಂತದ್ದು. ಹುಟ್ಟಿದ ಮಕ್ಕಳ ಲೆಕ್ಕ ಅದರಲ್ಲಿರಲಿಲ್ಲ. ಒಂದೇ ಪುಟದಲ್ಲಿ ಹನ್ನೊಂದು ಹೆಸರು, ಊರು, ತಾರೀಖು. ಮೊದಲನೆಯದು 1965ರದು, ಕೊನೆಯದು 1991ರದು. ತನ್ನ ಕೈಯಲ್ಲಿ ಉಳಿಯದ ತಾಯಂದಿರು. ರಕ್ತ ನಿಲ್ಲದೆ ಹೋದವರು, ಕಸ ಬೀಳದೆ ಹೋದವರು, ಸನ್ನಿ ಹಿಡಿದು ಹೋದವರು, ಆಸ್ಪತ್ರೆಯ ದಾರಿಯಲ್ಲಿ ಗಾಡಿಯಲ್ಲಿಯೇ ಹೋದವರು. ಅವರಲ್ಲಿ ಕೇರಿಯವರಿದ್ದರು, ಗೊಲ್ಲರಹಟ್ಟಿಯವರಿದ್ದರು, ಇಬ್ಬರು ಮುಸಲ್ಮಾನರು, ಒಬ್ಬಳು ನಮ್ಮ ಬಂಧುಗಳ ಮನೆಯ ಸೊಸೆ – ಅದೇ ಹೊಸ್ತಿಲಾಚೆ ಮಣೆ ಹಾಕುತ್ತಿದ್ದ ಮನೆ. ಆ ಹೆಸರುಗಳನ್ನು ಇಲ್ಲಿ ಬರೆಯಲಾರೆ. ಆದರೆ ಓದಿದೊಡನೆ ಆ ಲಯ ನನ್ನ ಕಿವಿಗೆ ಪರಿಚಿತವಾಗಿತ್ತು. ಅವ್ವ ಮೂವತ್ತು ವರ್ಷ ಪೂಜೆಯ ಕೊನೆಯಲ್ಲಿ ಹೇಳಿಕೊಳ್ಳುತ್ತಿದ್ದದ್ದು ಅವನ್ನೇ.

2019ರ ಮಾರ್ಚ್ ತಿಂಗಳಿನಲ್ಲಿ ನಾನು ಪಾವಗಡಕ್ಕೆ ಹೋದೆ. ದೂರವಾಣಿಯಲ್ಲಿ ಅತ್ತ ಆ ಹಿರಿಯರನ್ನು ಕಾಣಬೇಕಾಗಿತ್ತು. ತಿರುಮಣಿಯ ಕಡೆ, ಅವ್ವ ನಡೆದಾಡಿದ ಹೊಲಗಳ ಮೇಲೆ, ಈಗ ಕಣ್ಣು ಹಾಯುವವರೆಗೂ ಸೌರಫಲಕಗಳು. ಹದಿಮೂರು ಸಾವಿರ ಎಕರೆಯಷ್ಟು ನೆಲವಂತೆ. ರೈತರು ಭೂಮಿಯನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಮಳೆ ತರದ ಸೂರ್ಯ ಬಾಡಿಗೆಯನ್ನಾದರೂ ತರುತ್ತಿದ್ದಾನೆ ಎಂದು ಬಸ್ಸಿನಲ್ಲಿ ಯಾರೋ ನಕ್ಕರು.

ಹಿರಿಯರು ನಡುಮನೆಯಲ್ಲಿ ಕಂಬಳಿ ಹಾಸಿ ಕೂರಿಸಿದರು. ಅವ್ವನ ವಿಷಯವನ್ನು ಮುಚ್ಚಿಟ್ಟಂತಾದದ್ದಕ್ಕೆ ಕ್ಷಮೆ ಕೇಳಿದೆ. “ಅದೇನು ಬಿಡಿ ಸ್ವಾಮಿ, ನಮ್ಮ ಪಾಲಿಗೆ ಹದಿನಾಲ್ಕು ವರ್ಷ ಹೆಚ್ಚಿಗೆ ಬದುಕಿದ್ಲು” ಎಂದರು. ಒಳಗಿನಿಂದ ಅವರ ಮಗ ಬಂದ. ನಲವತ್ತರ ಅಂಚು, ಬೆಂಗಳೂರಿನಲ್ಲಿ ಕಟ್ಟಡದ ಕೆಲಸ, ಮದುವೆ ತಡವಾಗಿ ಆದದ್ದು. “ಇವನೇ ಸ್ವಾಮಿ, ಕಾಲು ಮುಂದಾಗಿ ಬಂದೋನು” ಎಂದು ಹಿರಿಯರು ತೋರಿಸಿದರು. ಅವನ ಹೆಂಡತಿ ಬಾಣಂತನ ಮುಗಿಸಿಕೊಂಡು ಹಿಂದಿನ ವಾರವಷ್ಟೇ ತವರಿನಿಂದ ಬಂದಿದ್ದಳು. ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಗಿತ್ತು. ಮನೆಯ ಅಜ್ಜಿ ಮೂರು ತಿಂಗಳ ಹೆಣ್ಣುಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬಂದು, “ನರ್ಸಮ್ಮನ ಮಗ, ಆಶೀರ್ವಾದ ಮಾಡಪ್ಪ” ಎಂದು ನನ್ನ ಕೈಗೆ ಕೊಡಲು ಬಂದಳು.

ನಾನು ಎದ್ದುನಿಂತೆ. ಬಸ್ಸಿನ ಕಂಬಿ ಹಿಡಿದು ಬಂದ ಕೈ. “ಒಂದು ನಿಮಿಷ ತಾಯಿ, ಸೋಪು ಎಲ್ಲಿದೆ?” ಎಂದೆ. ಅಜ್ಜಿ ನಕ್ಕು ಹಿತ್ತಲಿನ ಕಡೆ ಕೈ ತೋರಿಸಿದಳು. ತೊಟ್ಟಿಯ ನೀರು ತಣ್ಣಗಿತ್ತು. ಮೊಣಕೈವರೆಗೆ ತೊಳೆದುಕೊಂಡು ಬಂದು ಕೂಸನ್ನು ಎತ್ತಿಕೊಂಡೆ.